ಲಂಗಾಟಾದ ಗೋಪುರ

ಮುಂದಿನ ಲಾರಿಗೆ ಕಟ್ಟಿದ ಹಗ್ಗ ಸಡಿಲಾಗಿ ತೂಗುತ್ತಿದೆ, ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಈ ಜಾಮ್ ಸಂಜೆಯವರೆಗೂ ಬಿಡದಿರಲಿ ದೇವರೇ — ಚಿದಾನಂದನ ಪಕ್ಕದ ಸೀಟಿನಲ್ಲಿ ಕಾಲ್ಮಾನ್ ಸಾಹೇಬರು, ಎಂಬತ್ತೆರಡು ವರ್ಷ, ಕಣ್ಣು ಪೂರ್ತಿ ಹೋಗಿದೆ, ಆದರೂ ಟೈ ಕಟ್ಟಿದ್ದಾರೆ, ತಮ್ಮ ಚರ್ಚನ್ನು ಮುಟ್ಟಿ ನೋಡಲು ಹೊರಟಿದ್ದಾರೆ. ನಾನು ಕಟ್ಟಿದ ಗೋದಾಮು ಬಂತೇ? ಬಂತು ಸರ್. ಹಂಗೇರಿಯಲ್ಲಿ ಹಳೇ ಕಾಲದ ಚೂಪು ಕಮಾನು, ಕಲ್ಲಿನ ಬಳ್ಳಿ ಎಂದು ಒಂದು ಪುರಭವನ, ಎರಡು ಚರ್ಚು ಕಟ್ಟಿದ ಮನುಷ್ಯ, ಯುದ್ಧ ಮುಗಿದ ಮೇಲೆ ಹೊಸ ಸರ್ಕಾರದವರು ಬಂದು ಇದೆಲ್ಲ ಯಾರಿಗೆ ಬೇಕು ಎಂದರಂತೆ, ನೈರೋಬಿಗೆ ಬಂದು ಮೂವತ್ತೆಂಟು ವರ್ಷ ತಗಡಿನ ಗೋದಾಮು, ನ್ಗಾರಾದಲ್ಲಿ ಅಂಗಡಿ ಸಾಲು ಕಟ್ಟಿದರು, ಇಪ್ಪತ್ತು ವರ್ಷ ಅವರ ನಕ್ಷೆ ಬರೆದವನು ಚಿದಾನಂದನೇ. ಕೊನೆಗೆ ಲಂಗಾಟಾದವರು ಚರ್ಚು ಕೇಳಿದಾಗ ಮಗುವಿನ ಹಾಗೆ ಅತ್ತುಬಿಟ್ಟರು. ಗೋಪುರವೇ ಚರ್ಚು ಚಿದಾನಂದ, ಉಳಿದದ್ದು ಬರೀ ಕೊಠಡಿ. ಆ ಗೋಪುರವನ್ನು ಟ್ರೇಸಿಂಗ್ ಹಾಳೆಯಿಂದ ಬ್ಲೇಡಿನಲ್ಲಿ ಕೆರೆದದ್ದೂ ಇವನೇ — ಅವರು ಕಣ್ಣು ಹೋಗಿ ಆಸ್ಪತ್ರೆಯಲ್ಲಿದ್ದರು, ಚರ್ಚಿನ ಸಮಿತಿಯವರು ಈ ಕಾಲಕ್ಕೆ ಗೋಪುರ ಯಾಕೆ, ಚಪ್ಪಟೆ ಸೂರು ಸಾಕು, ಆಗದಿದ್ದರೆ ಬೇರೆಯವರಿದ್ದಾರೆ ಎಂದರು — ಒಣಗಿದ ಇಂಕು ಪುಡಿಪುಡಿಯಾಗಿ ಏಳುತ್ತಿತ್ತು, ಊದಿದ, ಅವರದೇ ಮೊಹರು ಒತ್ತಿದ. ಸಾಹೇಬರಿಗೆ ಹೇಳಿದ್ದು, ಗೋಪುರ ಏಳ್ತಿದೆ ಸರ್, ಗಂಟೆ ಕಟ್ಟಿದ್ರು ಸರ್. ರೀ, ನಿಜ ಹೇಳ್ಬಿಡಿ, ಕಣ್ಣಿಲ್ದೋರಿಗೆ ಮೋಸ ಮಾಡಿದ್ರೆ ಒಳ್ಳೇದಾಗಲ್ಲ, ಹೆಂಡತಿ ಕಮಲಾಕ್ಷಿ ದಿನಾ ಹೇಳುತ್ತಿದ್ದಳು, ಇವತ್ತು, ನಾಳೆ ಎಂದು ಇವನು ತಳ್ಳುತ್ತಲೇ ಬಂದ, ನಾಚಿಕೆಗೇಡು.

ಜಾಮ್ ಬಿಟ್ಟೇಬಿಟ್ಟಿತು. ಲಂಗಾಟಾದಲ್ಲಿ ಕಾವಲುಗಾರ ಕರೀಬು ಮ್ಜೇ, ಬನ್ನಿ ಹಿರಿಯರೇ, ಎಂದು ಗೇಟು ತೆಗೆದ, ಸಾಹೇಬರು ಗೋಡೆ ಸವರುತ್ತಾರೆ, ಕಮಾನಿನ ಅಂಚು ಸವರುತ್ತಾರೆ, ಚೆನ್ನಾಗಿ ಕೆತ್ತಿದ್ದಾರೆ, ಈಗ ಗೋಪುರದ ಬುಡಕ್ಕೆ ನಡೆಸು, ಎನ್ನುತ್ತಾರೆ. ಹೇಳಬೇಕು, ಈಗಲೇ ಹೇಳಬೇಕು — ಎನ್ನುತ್ತಲೇ ಗೋಪುರ ಇರಬೇಕಿದ್ದ ಮೂಲೆಗೆ ನಡೆಸಿಕೊಂಡು ಹೋದ. ಹೊಸ ಕಟ್ಟಡಕ್ಕೆ ಕಾಲಿಟ್ಟಾಗಲೆಲ್ಲ ಮಾಡುವಂತೆ ಸಾಹೇಬರು ತಲೆ ಎತ್ತಿ ಒಮ್ಮೆ ಚಪ್ಪಾಳೆ ತಟ್ಟಿದರು, ಸದ್ದು ತೊಂಬತ್ತು ಅಡಿ ಹತ್ತಿ ನಿಧಾನ ಇಳಿಯಬೇಕಿತ್ತು, ತಲೆಯ ಮೇಲಿನ ಸೂರಿಗೆ ಬಡಿದು ಆಗಲೇ ವಾಪಸು ಬಂತು. ಇನ್ನೊಮ್ಮೆ ತಟ್ಟಿದರು. ಸರ್, ನಾನು — ತುಂಬಾ ಎತ್ತರ ಬಂದಿದೆ ಚಿದಾನಂದ, ಎಂದರು, ಮೆಲ್ಲಗೆ, ಇವನನ್ನೇ ಸಮಾಧಾನ ಮಾಡುವವರಂತೆ, ಮೂರನೇ ಸಲಕ್ಕೆ ಎತ್ತಿದ ಕೈಗಳು ಮಾತ್ರ ತಟ್ಟಲಿಲ್ಲ, ನಡುವೆ ಒಂದು ಗೇಣು ಬಿಟ್ಟು ನಿಂತವು, ಬೈದಿದ್ದರೆ ಆಗುತ್ತಿತ್ತು, ಹೊಡೆದಿದ್ದರೂ ಆಗುತ್ತಿತ್ತು, ನರ ಎದ್ದ ಮುದಿ ಕೈಗಳು, ವಾಪಸು ದಾರಿಯಲ್ಲೂ ಇವನ ಕಣ್ಣ ಮುಂದೆ ಅವೇ, ಎತ್ತಿದ ಕೈಗಳು, ನಡುವೆ ಒಂದು ಗೇಣು, ತಟ್ಟದ ಕೈಗಳು, ಎತ್ತಿದ ಕೈಗಳು —