ಆರ್ವಿಲ್‌ನ ಎರಡು ಹಲ್ಲು

ಅಮೆರಿಕದ ಟೊಲೀಡೊದ ಕಾರ್ಖಾನೆಗಳಲ್ಲಿ ಕಳ್ಳರು ಹೆದರುವುದು ಇಬ್ಬರಿಗೆ. ಒಬ್ಬ ಪೊಲೀಸ್, ಇನ್ನೊಬ್ಬ ನಾನು. ಪೊಲೀಸನ ಕಾಲಾದರೂ ಹಿಡಿಯಬಹುದು. ನನ್ನ ಹೆಸರು ಡಾಲ್ಟನ್ ಪ್ರೂಯಿಟ್, ವಯಸ್ಸು ಇಪ್ಪತ್ತಮೂರು, ಕೆಲಸ ಕಂಪನಿಯ ಗುಟ್ಟು ಕಾಯುವುದು. ಒಂದೇ ಮಧ್ಯಾಹ್ನದಲ್ಲಿ ಕಳ್ಳನನ್ನು ಹಿಡಿದ ಗಂಡು ಸ್ವಾಮಿ ನಾನು, ಕೇಳಿ.

ನಮ್ಮಲ್ಲಿ ಕಾರಿನ ಬಾಗಿಲು ಒತ್ತುವ ಅಚ್ಚು ತಯಾರಾಗುತ್ತದೆ. ನಕ್ಷೆಗಳೆಲ್ಲ ಕಂಪ್ಯೂಟರಿನಲ್ಲಿ ಭದ್ರ. ಆದರೆ ತಗಡು ಸೀಳದಂತೆ ಕೊನೆಗೆ ಅಚ್ಚನ್ನು ಎಷ್ಟು ಉಜ್ಜಬೇಕೆಂಬ ಅಳತೆ ಯಾವ ನಕ್ಷೆಯಲ್ಲೂ ಇಲ್ಲ. ಅದು ಆರ್ವಿಲ್ ಸ್ಟಾಸಿಯಾಕನ ಕೈಗೆ ಮಾತ್ರ ಗೊತ್ತು. ಮುಂದಿನ ಪಾಳಿಯವರಿಗೆಂದು ಅವನು ಅದನ್ನು ತಗಡು ಒತ್ತುವ ಪ್ರೆಸ್ಸಿನ ಮೈಮೇಲೆ ಸೀಮೆಸುಣ್ಣದಲ್ಲಿ ಬರೆದು ಹೋಗುತ್ತಾನೆ. ಅವನಪ್ಪನ ಕಾಲದಿಂದಲೂ ಹಾಗೇ.

ಅದೇ ಅಳತೆಯಲ್ಲಿ ಎದುರಾಳಿ ಕಂಪನಿ ಅಚ್ಚು ಮಾಡಿ ನಮ್ಮ ದೊಡ್ಡ ಗಿರಾಕಿಯನ್ನು ಎಳೆದುಕೊಂಡಿತು. ಯಜಮಾನಿ ಡೆನಿಸ್ ಹ್ರುಸ್ಕಾ ನನ್ನನ್ನು ಕರೆದು, ಕಳ್ಳನ ಹೆಸರು ಇವತ್ತೇ ಬೇಕು, ಇಲ್ಲದಿದ್ದರೆ ನೀನೇ ಮನೆಗೆ ಹೊರಡು ಎಂದಳು. ಆರ್ವಿಲ್ ಎಂದೆ. ನಿವೃತ್ತಿಗೆ ಎಂಟೇ ತಿಂಗಳಿದ್ದ ಆರ್ವಿಲ್.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನೊಬ್ಬನೇ ಸಿಕ್ಕಿದ. ಅಳತೆಯ ಫೋಟೊ ತೆಗೆದು ಮಾರಿದ್ದಾನೋ ನೋಡಬೇಕೆಂದು ಅವನ ಫೋನ್ ಕೇಳಿದೆ.

“ಲೇ ಮರಿ, ನಿಮ್ಮಪ್ಪ ಅರ ಹಿಡಿಯೋದು ಕಲಿತಿದ್ದೇ ನನ್ನ ಹತ್ರ. ನೀನು ನನ್ನ ಜೇಬಿಗೆ ಕೈ ಹಾಕ್ತೀಯಾ?”

“ಕಳ್ಳನ ಜೇಬಿಗೆ ಬೀಗ ಇರಲ್ಲ, ಆರ್ವಿಲ್.”

ಅವನು ತಾಮ್ರದ ಸುತ್ತಿಗೆ ಬೀಸಿದ. ನನ್ನ ಕಿವಿ ಸೀಳಿತು. ಕತ್ತು ಹಿಡಿದು ಅವನ ಮುಖವನ್ನು ಕಬ್ಬಿಣದ ಬೀರುವಿಗೆ ಅಪ್ಪಳಿಸಿದೆ. ಒಂದು ಸಲ, ಎರಡು ಸಲ. ಎರಡು ಹಲ್ಲು ನೆಲದ ಮೇಲೆ ಉರುಳಿದವು. ಬಿದ್ದವನ ಪಕ್ಕೆಗೆ ಬೂಟಿನಿಂದ ಒದ್ದೆ. ಒಳಗೆ ಏನೋ ಲಟಕ್ಕೆಂದಿತು.

ಅವನು ರಕ್ತ ಉಗುಳಿ, “ಮಾರಿದ್ರೆ ಇಷ್ಟೊತ್ತಿಗೆ ಫ್ಲಾರಿಡಾದಲ್ಲಿ ಮೀನು ಹಿಡೀತಿದ್ದೆ ಕಣೋ,” ಎಂದ. ಇನ್ನೊಂದು ಒದ್ದೆ.

ಸಂಜೆಯೊಳಗೆ ಅವನನ್ನು ಕೆಲಸದಿಂದ ತೆಗೆದರು. ಯಜಮಾನಿ ನನ್ನ ಬೆನ್ನು ತಟ್ಟಿದಳು.

ಸುತ್ತಿಗೆಯ ಮಾತು ಸುಳ್ಳು. ಅವನು ಕೈಯೆತ್ತಲೇ ಇಲ್ಲ. ನನ್ನ ಕಿವಿ ಸೀಳಿದ್ದು ಬೀರುವಿನ ಬಾಗಿಲು ತಿರುಗಿ ಬಡಿದು. ಅವನ ಫೋನಿನಲ್ಲಿ ಇದ್ದದ್ದು ಮೊಮ್ಮಗಳ ಫೋಟೊಗಳು ಮಾತ್ರ.

ಗಿರಾಕಿ ಕೈತಪ್ಪುವ ಮೊದಲು, ಹೊಸಬನೊಬ್ಬನ ಹೆಲ್ಮೆಟ್ಟಿಗೆ ನಾನು ಗ್ರೀಸ್ ಬಳಿದು ಓಡುವ ವಿಡಿಯೊ ಒಂದನ್ನು ಜನ ನಗಲೆಂದು ಇಂಟರ್ನೆಟ್ಟಿಗೆ ಹಾಕಿದ್ದೆ. ನನ್ನ ಹಿಂದೆಯೇ ಪ್ರೆಸ್ಸು, ಅದರ ಮೇಲೆ ಆರ್ವಿಲ್ ಬರೆದ ಸೀಮೆಸುಣ್ಣದ ಅಂಕಿಗಳು, ಓದುವಷ್ಟು ಸ್ಪಷ್ಟ. ಅದನ್ನು ಎದುರಾಳಿ ಕಂಪನಿಯವನೊಬ್ಬ ಲೈಕ್ ಮಾಡಿದ್ದ. ಯಜಮಾನಿ ಕರೆಯುವ ಮೊದಲೇ ಆ ಲೈಕ್ ನೋಡಿ ವಿಡಿಯೊ ಅಳಿಸಿದ್ದೆ. ಆಮೇಲೆ ಅವಳ ಮುಂದೆ ಹೋಗಿ ಆರ್ವಿಲ್ ಎಂದಿದ್ದೆ.