ಐದನೆಯವಳು

ಸರ್ವಮಂಗಳಮ್ಮನ ಮನೆಯ ಬಾಗಿಲಿಗೆ ಅಂಗೈಯಗಲದ ಬೀಗ ಬಿದ್ದಿತ್ತು. ಕೌಸಲ್ಯ ನಂಬಿಕೆಯಾಗದೆ ಅದನ್ನೊಮ್ಮೆ ಜಗ್ಗಿ ನೋಡಿದಳು. ನಲ್ಲಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ಕೆಲಸದವಳು ತಲೆಯೆತ್ತದೆ, "ಕುಣಿಗಲ್‌ಗೆ ಹೋದ್ರು ಕಣವ್ವ, ಮದ್ವೆಗೆ. ಬೆಳಿಗ್ಗೆನೇ ಹೋದ್ರು," ಎಂದಳು.

ಕೌಸಲ್ಯಗೆ ನಗು ಬಂತು. ಕುಣಿಗಲಿನ ಆ ಮದುವೆಯ ದೆಸೆಯಿಂದಲೇ ಅವಳು ಗುಬ್ಬಿಯಿಂದ ತುಮಕೂರಿಗೆ ಬಂದದ್ದು. ಅಣ್ಣ ಸೀತಾರಾಮಯ್ಯ, ಅತ್ತಿಗೆ, ಮಕ್ಕಳು ಎಲ್ಲರೂ ಮದುವೆಗೆ ಹೊರಟಿದ್ದರು. ಗಂಡ ಸತ್ತು ಮೂರು ವರ್ಷವಾದ ಇಪ್ಪತ್ತಾರರ ತಂಗಿಯನ್ನು ಮದುವೆಮನೆಗೆ ಕರೆದೊಯ್ಯುವ ಹಾಗಿಲ್ಲ. ಒಬ್ಬಳನ್ನೇ ಮನೆಯಲ್ಲಿ ಬಿಟ್ಟುಹೋದರೆ ಊರ ಬಾಯಿ ಸುಮ್ಮನಿರುವುದಿಲ್ಲ. ಎರಡು ದಿನ ಅತ್ತಿಗೆಯ ಸೋದರತ್ತೆಯ ಮನೆಯಲ್ಲಿದ್ದು ಬಾ ಎಂದು ಶನಿವಾರ ಬೆಳಿಗ್ಗೆ ಬಸ್ಸು ಹತ್ತಿಸಿದರು. ಆ ಸೋದರತ್ತೆಗೂ ಅದೇ ಮದುವೆಯ ಲಗ್ನಪತ್ರಿಕೆ ಹೋಗಿರುತ್ತದೆ ಎಂಬುದು ಇಷ್ಟು ಜನ ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಗುಬ್ಬಿಯ ಮನೆಯ ಬೀಗದ ಕೈ ಅಣ್ಣನ ಜೇಬಿನಲ್ಲಿತ್ತು. ಅವರು ಹಿಂದಿರುಗುವುದು ಭಾನುವಾರ ಸಂಜೆಗೆ.

ಸರ್ವಮಂಗಳಮ್ಮ ಧಾರೆ ಮುಗಿಸಿಕೊಂಡು ಇವತ್ತೇ ಬಂದರೂ ಬಂದಾರು ಎಂದುಕೊಂಡು ಕೌಸಲ್ಯ ಚೀಲವನ್ನು ಹೆಗಲಿಗೇರಿಸಿ ವಠಾರದಿಂದ ಹೊರಬಿದ್ದಳು.

ಎಮರ್ಜೆನ್ಸಿ ಮುಗಿದ ಮರುವರ್ಷದ ಮಾಘಮಾಸ ಅದು; ಊರಿಗೆ ಊರೇ ಕಟ್ಟಿದ್ದ ಬಾಯಿ ಬಿಚ್ಚಿದ ಹಾಗೆ ಗದ್ದಲವೆಬ್ಬಿಸಿತ್ತು. ಮಂಡಿಪೇಟೆಯಲ್ಲಿ ಕೊಬ್ಬರಿ ಮೂಟೆಗಳ ನಡುವೆ ದಾರಿ ಮಾಡಿಕೊಂಡು, ಎಂ.ಜಿ. ರಸ್ತೆಯ ಜವಳಿ ಅಂಗಡಿಗಳ ಬೊಂಬೆಗಳು ಉಟ್ಟ ಸೀರೆ ನೋಡಿಕೊಂಡು ಅವಳು ಗೊತ್ತುಗುರಿಯಿಲ್ಲದೆ ನಡೆದಳು. ಗುಬ್ಬಿಯಲ್ಲಿ ಅವಳು ಬೀದಿಗಿಳಿದರೆ ಎದುರಿಗೆ ಬರುವವರು ಒಂದು ಗಳಿಗೆ ನಿಲ್ಲುತ್ತಿದ್ದರು. ಒಳ್ಳೆಯ ಕೆಲಸಕ್ಕೆ ಹೊರಟವರಾದರೆ ಏನೋ ಮರೆತವರಂತೆ ಮನೆಯೊಳಕ್ಕೆ ಹಿಂದಿರುಗುತ್ತಿದ್ದರು. ಅವರಿಗೆ ತೊಂದರೆಯಾಗದಿರಲೆಂದು ಅವಳೇ ಗೋಡೆಯ ಪಕ್ಕಕ್ಕೆ ಸರಿದು ನಡೆಯುವುದನ್ನು ರೂಢಿ ಮಾಡಿಕೊಂಡಿದ್ದಳು. ಇಲ್ಲಿ ಯಾರೂ ನಿಲ್ಲಲಿಲ್ಲ, ಯಾರೂ ತಿರುಗಿ ಹೋಗಲಿಲ್ಲ. ಸೈಕಲ್ಲಿನವನೊಬ್ಬ, "ಏನಮ್ಮ, ರಸ್ತೆ ನಿಮ್ಮಪ್ಪಂದಾ," ಎಂದು ಬೈದುಕೊಂಡು ಹೋದ. ಬೈಸಿಕೊಂಡದ್ದಕ್ಕೂ ಅವಳಿಗೆ ಖುಷಿಯಾಯಿತು.

ಹೊಟ್ಟೆ ಹಸಿದಾಗ ಹೋಟೆಲೊಂದರ ಮೆಟ್ಟಿಲು ಹತ್ತಿದಳು. ಸಪ್ಲೈಯರು ಫ್ಯಾಮಿಲಿ ರೂಮಿನ ಪರದೆ ಸರಿಸಿ, "ಕೂತ್ಕೊಳಿ ಅಕ್ಕ. ಯಜಮಾನ್ರು ಹಿಂದೆ ಬರ್ತಾವ್ರಾ?" ಎಂದು ಕೇಳಿದ.

"ಬರ್ತಾರೆ," ಎಂದಳು. ಆ ಮಾತು ಬಾಯಿಂದ ಹೇಗೆ ಬಂತೋ ಅವಳಿಗೇ ತಿಳಿಯದು. ಅವನು ಎರಡು ಲೋಟ ನೀರಿಟ್ಟು ಹೋದ. ಅವಳು ಒಂದು ಲೋಟ ಕುಡಿದು, ಇನ್ನೊಂದನ್ನು ಎದುರಿಗೆ ಹಾಗೇ ಇಟ್ಟುಕೊಂಡು, ಮಸಾಲೆದೋಸೆ ಪೂರಾ ತಿಂದಳು.

ಹೋಟೆಲಿನೆದುರು ಹೂವಿನ ಬುಟ್ಟಿಯಿಟ್ಟುಕೊಂಡು ಕೂತವಳನ್ನು ಹೋಗುವವರು ಬರುವವರು ಚಿಕ್ಕಗಂಗಮ್ಮ ಎಂದು ಕೂಗಿ ಮಾತಾಡಿಸುತ್ತಿದ್ದರು. ಕನಕಾಂಬರ ಕೆಂಡದ ಬಣ್ಣಕ್ಕಿತ್ತು. ಕೌಸಲ್ಯ ನಿಂತು ನೋಡಿದಳು.

"ಎಷ್ಟು ಮೊಳ ಕೊಡ್ಲವ್ವ?"

"ಒಂದು ಮೊಳ. ದೇವರಿಗೆ."

"ದೇವ್ರಿಗೆ ಬ್ಯಾರೆ ಮಡಗಿವ್ನಿ. ಇದು ಮುಡ್ಕಳಾಕೆ. ತಿರುಕ್ಕೊ ಇತ್ಲಾಗೆ." ಚಿಕ್ಕಗಂಗಮ್ಮ ಮಂಡಿಯೂರಿ ಎದ್ದು ಹೂವನ್ನು ಅವಳ ಜಡೆಗೆ ಸಿಕ್ಕಿಸಿಯೇಬಿಟ್ಟಳು. ಆಮೇಲೆ ಮುಖ ನೋಡಿ ಲೊಚಗುಟ್ಟಿದಳು. "ಬಿಸ್ಲಿಗೆ ಹಣೆ ಕುಂಕ್ಮ ಕರಗೋಗದೆ ನೋಡು. ಮುತ್ತೈದೆ ಹಿಂಗೆ ಬರೀ ಹಣೇಲಿ ಓಡಾಡಬಾರ್ದು ಕಣವ್ವ."

ಬುಟ್ಟಿಯ ಮೂಲೆಯಲ್ಲಿದ್ದ ಪುಟ್ಟ ಭರಣಿಯಿಂದ ಅವಳು ಕುಂಕುಮ ತೆಗೆದಳು. ಬೇಡ ಎನ್ನಲು ಕೌಸಲ್ಯ ಬಾಯಿ ತೆರೆದಳು. ಹೂವಿಗೆ ಚಿಮುಕಿಸಿದ ನೀರಿನಿಂದ ಆ ಬೆರಳು ತಣ್ಣಗಿತ್ತು. ಮೂರು ವರ್ಷದಿಂದ ಅವಳ ಹಣೆಯನ್ನು ಯಾರೂ ಮುಟ್ಟಿರಲಿಲ್ಲ. ತೆರೆದ ಬಾಯಿ ಮುಚ್ಚಿಕೊಂಡಳು.

ಒರೆಸಿಕೊಂಡರಾಯಿತು, ಮುಂದಿನ ತಿರುವಿನಲ್ಲಿ ಒರೆಸಿಕೊಂಡರಾಯಿತು ಎಂದುಕೊಳ್ಳುತ್ತಲೇ ಸಂಜೆಯವರೆಗೂ ಸುತ್ತಿದಳು. ಅಮಾನಿಕೆರೆಯ ಏರಿಯ ಮೇಲೆ ಕೂತು ಗಾಳಿ ಕುಡಿದಳು. ಕಳ್ಳತನದ ಬೆಲ್ಲದ ಹಾಗೆ ಆ ದಿನ ಸಿಹಿಯಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ವಠಾರಕ್ಕೆ ಬಂದಾಗ ಬೀಗ ಹಾಗೇ ಇತ್ತು. ಪಕ್ಕದ ಮನೆಯ ಅಲಮೇಲಮ್ಮ ತುಳಸಿಗೆ ದೀಪವಿಡುತ್ತಿದ್ದವರು ತಿರುಗಿ ನೋಡಿದರು. ದಪ್ಪ ಮೈಯ, ನಗುಮುಖದ ಹೆಂಗಸು. ತಾನು ಗುಬ್ಬಿಯವಳು, ಸರ್ವಮಂಗಳಮ್ಮನ ಸೋದರಸೊಸೆಯ ನಾದಿನಿ ಎಂದು ಕೌಸಲ್ಯ ಹೇಳಿ ಮುಗಿಸುವುದರೊಳಗೆ ಅವಳ ಚೀಲ ಅಲಮೇಲಮ್ಮನ ಕೈಯಲ್ಲಿತ್ತು.

"ಬೀದೀಲಿ ನಿಲ್ಲಿಸ್ತೀವಾ ಹೆಣ್ಣುಮಗಳನ್ನ? ಒಳಗೆ ಬಾಮ್ಮ. ದೇವರೇ ಕಳಿಸಿದಾನೆ ನಿನ್ನ. ನಾಳೆ ನಮ್ಮ ಕಮಲಂಗೆ ಬಳೆ ತೊಡಿಸೋ ಶಾಸ್ತ್ರ. ಐದು ಜನ ಮುತ್ತೈದೇರು ಬೇಕು. ಬರ್ತೀನಿ ಅಂದಿದ್ದ ಸರ್ವಮಂಗಳಮ್ಮ ಕಡೇ ಗಳಿಗೇಲಿ ಕುಣಿಗಲ್ ಬಸ್ ಹತ್ತಿಬಿಟ್ರು, ಬರೋದು ಸೋಮವಾರವಂತೆ. ಐದನೆಯೋರು ಯಾರಪ್ಪಾ ಅಂತ ತಲೆ ಕೆಡಿಸ್ಕೊಂಡಿದ್ದೆ, ನೀನೇ ಬಂದೆ."

ಕೌಸಲ್ಯ ಸೆರಗನ್ನು ಕತ್ತಿನ ಸುತ್ತ ಹೊದ್ದುಕೊಂಡಳು. ಅಲಮೇಲಮ್ಮನ ಕಣ್ಣು ಅವಳ ಕೈಗೆ ಬಿತ್ತು.

"ಬಳೆಯೆಲ್ಲಮ್ಮ?"

"ಬಸ್ಸಲ್ಲಿ ನೂಕಾಟ... ಒಡೆದುಹೋದವು."

"ಒಡೆದವು ಅನ್ನಬಾರ್ದು, ಹೆಚ್ಚಿದವು ಅನ್ನು. ನಾಳೆ ಹೇಗೂ ಬಳೆಗಾರ ಬರ್ತಾನೆ. ಯಜಮಾನ್ರು ಏನ್ಮಾಡ್ತಾರೆ?"

"ಮೇಷ್ಟ್ರು," ಎಂದಳು. ಮೇಷ್ಟರಾಗಿದ್ದರು ಎಂಬುದು ನಿಜ. ಎರಡು ವರ್ಷದ ಸಂಸಾರ, ಹದಿನೈದು ದಿನದ ಕಾಮಾಲೆ. ಆ ಮಾತನ್ನು ಕಾಫಿಯ ಜೊತೆ ನುಂಗಿದಳು.

ಅಲಮೇಲಮ್ಮನ ಮಗಳು ಕಮಲನಿಗೆ ಏಳು ತಿಂಗಳು. ತೆಳ್ಳಗಿನ ಹುಡುಗಿ, ಹೊಟ್ಟೆಯೊಂದನ್ನು ಬಿಟ್ಟರೆ ಮೈಮೇಲೆ ಏನೂ ಇರಲಿಲ್ಲ. ಊಟವಾದ ಮೇಲೆ ಕೌಸಲ್ಯನ ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಹುಟ್ಟಿನಿಂದ ಬಲ್ಲವಳ ಹತ್ತಿರ ಹೇಳುವಂತೆ ಹೇಳತೊಡಗಿದಳು.

"ಎರಡು ಸಲ ಹೀಗೇ ಏಳಕ್ಕೆ ಬಂದು ಹೋಯ್ತು ಅಕ್ಕ. ಹೋದ ಸಲ ಶಾಸ್ತ್ರದ ದಿವಸ ಯಾರೋ ಕೂರಬಾರದವರು ಬಂದು ಕೂತಿದ್ರಂತೆ, ಅದಕ್ಕೇ ಹೀಗಾಯ್ತು ಅಂತ ನಮ್ಮಮ್ಮ ಈಗಲೂ ಅಳ್ತಾಳೆ. ನಾನು ಅದನ್ನೆಲ್ಲ ನಂಬಲ್ಲ ಅಂತೀನಿ. ಆದರೂ ನಿದ್ದೆ ಬರಲ್ಲ. ಅಲ್ಲಾಡ್ತಿದೆಯೋ ಇಲ್ವೋ ಅಂತ ಕೈ ಇಟ್ಕೊಂಡೇ ಮಲಗ್ತೀನಿ." ಹಾಗೆನ್ನುತ್ತ ಕೌಸಲ್ಯನ ಕೈಯೆಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. "ನೋಡಿ, ಈಗ. ಗೊತ್ತಾಯ್ತಾ?"

ಗೊತ್ತಾಯಿತು. ಅಂಗೈಯಡಿಯಲ್ಲಿ ಪುಟ್ಟದೊಂದು ಹಿಮ್ಮಡಿ ತಿವಿದು ಸರಿದುಹೋಯಿತು. ಕೌಸಲ್ಯ ಕೈ ಹಿಂದಕ್ಕೆ ತೆಗೆದುಕೊಂಡಳು.

"ನೀವು ಬಂದದ್ದು ಒಳ್ಳೇದಾಯ್ತು ಅಕ್ಕ," ಎಂದು ಕಮಲ ಆ ಕಡೆಗೆ ಮಗ್ಗುಲಾದಳು.

ಕೌಸಲ್ಯಗೆ ನಿದ್ದೆ ಹತ್ತಲಿಲ್ಲ. ಅವಳಿಗೆ ಆಸೆಯಿತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಹಸೆಯ ಮೇಲೆ ನಾಲ್ವರ ಜೊತೆ ಕೂತು, ಈ ಹುಡುಗಿಗೆ ಕುಂಕುಮವಿಟ್ಟು, ಆರತಿಯ ತಟ್ಟೆಗೆ ಕೈ ಹಚ್ಚಬೇಕೆಂಬ ಆಸೆ ಹೊಟ್ಟೆಯಲ್ಲಿ ಹಸಿವಿನ ಹಾಗೆ ಎದ್ದಿತ್ತು. ತನ್ನ ಕೈ ತಗುಲಿದರೆ ಮಗುವಿಗೆ ಕೇಡಾಗುತ್ತದೆಯೇ? ಆಗುವುದಿಲ್ಲ ಎಂದು ಒಂದು ಮನಸ್ಸು, ಆದರೆ ಎಂದು ಇನ್ನೊಂದು. ಅದು ಹಾಗಿರಲಿ. ನಾಳಿದ್ದು ಸೋಮವಾರ ಸರ್ವಮಂಗಳಮ್ಮ ಬಂದೇ ಬರುತ್ತಾರೆ. ಗುಬ್ಬಿಯಿಂದ ಬಂದವಳು ಯಾರು ಎಂಬುದು ಬಾಯಿಂದ ಬಾಯಿಗೆ ಬಿದ್ದೇ ಬೀಳುತ್ತದೆ. ಆಮೇಲೆ ಹೆರಿಗೆಯಾಗುವವರೆಗೆ ಈ ಹುಡುಗಿ ಹೊಟ್ಟೆಯ ಮೇಲಿಟ್ಟ ಕೈ ತೆಗೆಯುವುದಿಲ್ಲ. ನಂಬುವುದಿಲ್ಲ ಎನ್ನುತ್ತಲೇ ಎರಡು ತಿಂಗಳು ಹೆದರಿ ಸಾಯುತ್ತಾಳೆ.

ಎದ್ದು ನಿಜ ಹೇಳಿಬಿಡಲೇ ಎಂದರೆ, ಶುಭಕಾರ್ಯದ ಬೆಳಗ್ಗೆ ಈ ಮನೆಯಲ್ಲಿ ಆ ಮಾತನ್ನು ಎತ್ತುವುದೇ ಅಪಶಕುನ. ಮೇಲಾಗಿ ಅಲಮೇಲಮ್ಮನ ನಗುಮುಖ ತನ್ನ ಕಣ್ಣೆದುರೇ ಬೇರೆಯಾಗುವುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ. ಅಂಥ ಮುಖಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೆಂಗಸರಿಗೆ ಅಂಥದೊಂದು ದಾರಿಯನ್ನು ದೇವರೇ ಮಾಡಿಟ್ಟಿದ್ದಾನೆ.

ಬೆಳಿಗ್ಗೆ ಅಲಮೇಲಮ್ಮ ಬಾಗಿಲಿಗೆ ನೀರು ಹಾಕಲು ಎದ್ದಾಗ ಕೌಸಲ್ಯ ಹಿತ್ತಲ ಜಗಲಿಯ ತುದಿಯಲ್ಲಿ ನಿಂತಿದ್ದಳು.

"ಅಮ್ಮಾ, ಹತ್ತಿರ ಬರಬೇಡಿ. ನಾನು ಹೊರಗಾದೆ."

ಅಲಮೇಲಮ್ಮ ಚೆಂಬು ಹಿಡಿದುಕೊಂಡು ನಿಂತೇಬಿಟ್ಟರು. ಬೇಸರ ಮುಖದಲ್ಲಿ ಬಂತು, ಹೋಯಿತು. "ಇವತ್ತೇ ಆಗಬೇಕಿತ್ತಾ... ಹೋಗ್ಲಿ ಬಿಡಮ್ಮ, ಅದೇನು ನಿನ್ನ ಕೈಲಿದೆಯಾ? ಹೆಣ್ಣು ಜನ್ಮ. ಅಲ್ಲೇ ಕೂತ್ಕೊ, ಕಾಫಿ ಅಲ್ಲಿಗೇ ತಂದಿಡ್ತೀನಿ. ಎದುರುಮನೆ ಗಂಗಾಂಬಿಕೆನ ಕೇಳಿ ನೋಡ್ತೀನಿ."

ಹೀಗೆ ಅವಳು ದೂರ ಕೂತಳು. ಗುಬ್ಬಿಯಲ್ಲಿ ಕೂರುವಂತೆಯೇ ಕೂತಳು. ಆದರೆ ಇದು ಮೂರು ದಿನಕ್ಕೆ ಮುಗಿಯುವ ದೂರ ಎಂದು ಈ ಮನೆಯವರೆಲ್ಲ ತಿಳಿದಿದ್ದರು. ಒಳಗೆ ಹೆಂಗಸರು ಸೇರಿದರು. ಗಂಗಾಂಬಿಕೆಯೂ ಬಂದಳೆಂದು ಮಾತಿನಲ್ಲೇ ಗೊತ್ತಾಯಿತು. ಬಳೆಗಾರ, "ಕೈ ಸಡ್ಲ ಬುಡವ್ವ, ಬಿಗಿ ಹಿಡೀಬ್ಯಾಡ," ಎನ್ನುತ್ತಿದ್ದ. ಬಳೆಗಳು ಒಂದೊಂದಾಗಿ ಏರುವ ಸದ್ದು, ಹಾಡು, ಯಾರದೋ ನಗು ಎಲ್ಲವೂ ಅಡಿಗೆಮನೆಯ ಕಿಟಕಿಯಿಂದ ಕೇಳುತ್ತಿತ್ತು. ಆರತಿ ಎತ್ತುವಾಗ ಕೌಸಲ್ಯ ತಾನಿದ್ದಲ್ಲೇ ಕೈಮುಗಿದಳು. ಕಣ್ಣಲ್ಲಿ ನೀರು ಬಂದದ್ದನ್ನು ತಡೆಯಲಿಲ್ಲ, ನೋಡುವವರು ಯಾರೂ ಇರಲಿಲ್ಲ.

ಇಳಿಹೊತ್ತಿನಲ್ಲಿ ಅವಳು ಹೊರಡುವಾಗ ಕಮಲ ಹಿತ್ತಲ ಬಾಗಿಲಿಗೆ ಬಂದು ಹೊಸಿಲಿನಾಚೆಯೇ ನಿಂತಳು. ಎರಡೂ ಕೈ ತುಂಬ ಹಸಿರು ಬಳೆ. ಅಲಮೇಲಮ್ಮ ಕಾಗದದ ಪೊಟ್ಟಣವೊಂದನ್ನು ಮೇಲಿನಿಂದ ಕೌಸಲ್ಯನ ಸೆರಗಿಗೆ ಬಿಟ್ಟರು.

"ಒಂದು ಡಜನ್ ಇದೆ. ನಿನ್ನ ಕೈ ನಮ್ಮ ಕಮಲನ ಅಳತೆಯೇ ಅನ್ನಿಸ್ತು. ಇಲ್ಲೇ ಹಾಕ್ಕೊಂಡುಬಿಡಮ್ಮ. ನಮ್ಮ ಮನೆಯಿಂದ ಬರಿಗೈಲಿ ಹೋಗಬಾರದು."

"ಬಸ್ಸಲ್ಲಿ ಹಾಕ್ಕೋತೀನಿ."

"ಇಲ್ಲೇ ಹಾಕ್ಕೊಳಿ ಅಕ್ಕ, ನಾನು ನೋಡ್ಬೇಕು," ಎಂದಳು ಕಮಲ.

ಅವಳು ನೋಡುತ್ತಿದ್ದ ಹಾಗೆಯೇ ಕೌಸಲ್ಯ ಒಂದೊಂದಾಗಿ ಏರಿಸಿಕೊಂಡಳು, ಈ ಕೈಗೆ ಆರು, ಆ ಕೈಗೆ ಆರು. ಅಳತೆ ತುಸು ಬಿಗಿಯಾಗಿತ್ತು.

"ಮುಂದಿನ ವರ್ಷ ನಿಮ್ಮ ಶಾಸ್ತ್ರಕ್ಕೆ ನಾನು ಮಗೂನ ಎತ್ಕೊಂಡು ಗುಬ್ಬಿಗೆ ಬರ್ತೀನಿ. ಮರೀಬೇಡಿ."

"ಇಲ್ಲ, ಮರೆಯಲ್ಲ," ಎಂದಳು ಕೌಸಲ್ಯ. ಈ ಮನೆಗೆ ತಾನು ಮತ್ತೆ ಬರುವ ಹಾಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸೋಮವಾರ ಕಳೆದ ಮೇಲೆ ತನ್ನ ಹೆಸರನ್ನು ಇಲ್ಲಿ ಹೇಗೆ ಎತ್ತುತ್ತಾರೋ. ಶಾಸ್ತ್ರದಲ್ಲಿ ಅವಳು ಏನನ್ನೂ ಮುಟ್ಟಲಿಲ್ಲ, ದೂರವೇ ಕೂತಿದ್ದಳು ಎಂಬುದನ್ನಾದರೂ ಯಾರಾದರೂ ನೆನೆಸಿಕೊಂಡರೆ ಸಾಕು ಎಂದುಕೊಂಡಳು.

ಬಸ್ಸಿನಲ್ಲಿ ಪಕ್ಕದ ಹೆಂಗಸು ಸರಿದು ಜಾಗ ಕೊಟ್ಟು, "ತವ್ರಿಗಾ, ಗಂಡನ ಮನೆಗಾ?" ಎಂದು ಕೇಳಿದಳು.

"ತವರಿಗೆ."

ಹೆಗ್ಗೆರೆ ದಾಟುವವರೆಗೆ ಅವಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಸ್ಸು ಕುಲುಕಿದಾಗಲೆಲ್ಲ ಬಳೆಗಳು ಸದ್ದು ಮಾಡುತ್ತಿದ್ದವು. ಮಲ್ಲಸಂದ್ರದಲ್ಲಿ ಆ ಹೆಂಗಸು ಇಳಿದುಹೋದಳು. ಕೌಸಲ್ಯ ಬಾಡಿದ ಕನಕಾಂಬರವನ್ನು ಕಿಟಕಿಯಿಂದಾಚೆ ಬಿಟ್ಟಳು. ಸೆರಗಿನ ಚುಂಗು ಒದ್ದೆ ಮಾಡಿ ಹಣೆಯನ್ನು ಒರೆಸಿಕೊಂಡಳು. ಆಮೇಲೆ ಬಳೆಗೆ ಕೈಹಾಕಿದಳು. ಮೂರು ವರ್ಷದ ಹಿಂದೆ ಬಾವಿಕಟ್ಟೆಯ ಮೇಲೆ ಅವಳ ಕೈಗಳನ್ನಿಟ್ಟು ಒಂದು ಗುಂಡುಕಲ್ಲಿನಿಂದ ಮುಗಿಸಿದ್ದರು. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಆಗಿಹೋಗಿತ್ತು. ಈ ಸಲ ಅವಳೇ ಬೆರಳುಗಳನ್ನು ಒತ್ತಿ ಹಿಡಿದು, ಚರ್ಮ ಕೆಂಪಾದರೂ ಸಹಿಸಿಕೊಂಡು, ಒಂದನ್ನೂ ಒಡೆಯದೆ ಒಂದೊಂದಾಗಿ ಇಳಿಸಿ, ಚೀಲದಲ್ಲಿದ್ದ ಸೀರೆಯ ಮಡಿಕೆಯಲ್ಲಿ ಸುತ್ತಿಟ್ಟಳು. ಎಡಗೈಯ ಕಡೆಯದೊಂದು ಮಾತ್ರ ಬರಲಿಲ್ಲ. ಎಷ್ಟು ಎಳೆದರೂ ಗೆಣ್ಣು ದಾಟಲಿಲ್ಲ. ಅಷ್ಟರಲ್ಲಿ ಗುಬ್ಬಿ ಬಂದುಬಿಟ್ಟಿತು.

ಸೀತಾರಾಮಯ್ಯ ಬಸ್‌ಸ್ಟ್ಯಾಂಡಿನಲ್ಲಿ ಶತಪಥ ಹಾಕುತ್ತಿದ್ದವನು ಓಡಿಬಂದ.

"ಸರ್ವಮಂಗಳತ್ತೇನ ಕುಣಿಗಲ್‌ನಲ್ಲಿ ನೋಡಿ ನನ್ನ ಜೀವ ಹಾರಿಹೋಯ್ತು ಕಣೇ. ರಾತ್ರಿ ಎಲ್ಲಿದ್ದೆ?"

"ಪಕ್ಕದ ಮನೆಯೋರು ಕರೆದು ಇಟ್ಕೊಂಡ್ರು ಅಣ್ಣ."

"ಒಳ್ಳೆ ಜನವಾ?"

"ಒಳ್ಳೆ ಜನ."

"ಚೀಲ ಕೊಡು ಇಲ್ಲಿ."

"ಇರಲಿ, ಭಾರ ಇಲ್ಲ," ಎಂದು ಕೌಸಲ್ಯ ಚೀಲವನ್ನು ಬಲಗೈಗೆ ತೆಗೆದುಕೊಂಡು, ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅಣ್ಣ ಮುಂದೆ ನಡೆದ. ಎದುರಿಗೆ ಹಣ್ಣುಕಾಯಿ ಹಿಡಿದು ಗುಡಿಗೆ ಹೊರಟಿದ್ದ ದಂಪತಿಗಳು ಅವಳನ್ನು ಕಂಡು ನಿಂತರು. ಅವಳು ಗೋಡೆಯ ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟಳು. ಸೆರಗಿನೊಳಗೆ ಬಳೆ ಒಂದೇ ಇದ್ದದ್ದರಿಂದ ಸದ್ದಾಗಲಿಲ್ಲ.