ನಕ್ಷೆಗೆ ಸಿಗದ ಗುಂಡಿ

ಅಜ್ಜಂಪುರದ ಪಕ್ಕದ ನಮ್ಮೂರ ಕೆರೆಯ ಆಳವನ್ನು, ನಕ್ಷೆ ಮಾಡಲು ಬಂದ ನಿಶ್ಚಿತಾ ಮೇಡಂ ಉಪಗ್ರಹದ ಫೋಟೊದಿಂದಲೇ ಅಳೆಯುತ್ತಾರಂತೆ. ಬಗ್ಗಡ ತಿಳಿಯಾದ ಮೇಲೆ ತಳಕ್ಕೆ ಬಡಿದ ಬೆಳಕು ಎಷ್ಟು ಮೇಲೆ ಬರುತ್ತದೋ ನೋಡಿ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆದರೆ ಮೊದಲು ಅದಕ್ಕೆ ಅಲ್ಲಲ್ಲಿನ ನಿಜವಾದ ಆಳ ಕಲಿಸಬೇಕು. ಆ ಕತ್ತೆ ಕೆಲಸ ನನ್ನದು. ತೆಪ್ಪ ನಡೆಸು, ಕಲ್ಲು ಕಟ್ಟಿದ ಹಗ್ಗ ಬಿಡು, ಕೂಗಿ ಹೇಳು. ಮಧ್ಯಾಹ್ನದ ಹೊತ್ತಿಗೆ ರಟ್ಟೆ ಸತ್ತುಹೋಗಿತ್ತು.

ಎಮ್ಮೆ ಇಳಿಯುವ ಕಡೆ ಎಲ್ಲೆಲ್ಲೂ ಸೊಂಟದುದ್ದ ನೀರು. ಒಂದು ಜಾಗದಲ್ಲಿ ಮಾತ್ರ ಹಗ್ಗ ಇಳಿಯುತ್ತಲೇ ಹೋಯಿತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಊರವರು ತೋಟಕ್ಕೆ ಗೋಡುಮಣ್ಣು ತೋಡಿದ ಗುಂಡಿ.

"ಎರಡಾಳುದ್ದ ಮೇಡಂ. ಬರ್ಕೊಳ್ಳಿ."

ಅವರು ಬರೆಯಲಿಲ್ಲ. "ಫೋಟೊದ ಒಂದು ಚುಕ್ಕಿ ಅಂದ್ರೆ ಹತ್ತು ಮೀಟರ್, ಪರಮೇಶ್. ಇಷ್ಟು ಚಿಕ್ಕ ಗುಂಡಿ ಅದ್ರೊಳಗೆ ಕರಗಿಹೋಗುತ್ತೆ. ಇದನ್ನ ಸೇರಿಸಿದ್ರೆ ಸುತ್ತಲಿನ ಲೆಕ್ಕನೂ ಕೆಡುತ್ತೆ."

"ದಸರಾ ರಜೆಗೆ ಬಂದ ಮಕ್ಕಳು ಇಲ್ಲೇ ಇಳಿಯೋದು. ನಿಮ್ಮ ನಕ್ಷೆ ಪಂಚಾಯ್ತಿ ಗೋಡೆಗೆ ಹಾಕ್ತಾರೆ. ಸೊಂಟದುದ್ದ ಅಂತಲೇ ಇರುತ್ತೆ ಅದ್ರಾಗೆ."

ಅವರು ಪೆನ್ನಿನ ಮುಚ್ಚಳ ತೆಗೆದರು. "ನಕ್ಷೆಯ ಕೆಳಗೆ ಬರೀತೀನಿ. ನೀವು ಇಲ್ಲೊಂದು ಗಳ ನೆಟ್ಟುಬಿಡಿ."

ಕೆಳಗೆ ಬರೆದದ್ದನ್ನು ಯಾರು ಓದುತ್ತಾರೆ? ಏಳನೇ ಕ್ಲಾಸಿಗೆ ಬಿಟ್ಟವನು, ನಾನಂತೂ ಓದುವುದಿಲ್ಲ. ಸಿಟ್ಟಿನಲ್ಲೇ ಗುಂಡಿಯ ಅಂಚಿಗೆ ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟಿದೆ.

ಮಾರನೆಯ ದಿನ ಗಳ ಇರಲಿಲ್ಲ. ಮತ್ತೊಂದು ನೆಟ್ಟೆ. ಅದೂ ಹೋಯಿತು. ಇನ್ನೊಂದು ಬಿದಿರು ಹುಡುಕುತ್ತಾ ಹಿತ್ತಲಿಗೆ ಹೋದರೆ ಎರಡೂ ಅಲ್ಲೇ, ಹೀರೆಬಳ್ಳಿಯ ಚಪ್ಪರಕ್ಕೆ ಆಸರೆಯಾಗಿ ನಿಂತಿದ್ದವು.

"ನೀನಾ ಅವ್ವಾ ಕಿತ್ತಿದ್ದು?"

"ಹ್ಞೂಂ ಕಣೋ. ಗಳ ಕಂಡೋರು ಇಲ್ಲಿ ಮಣ್ಣು ತೆಗೆದೋರು ಯಾರು ಅಂತ ಕೇಳಲ್ವಾ? ಅಷ್ಟು ಆಳ ತೋಡಬ್ಯಾಡಿ ಅಂತ ಅಮಲ್ದಾರ್ರು ಹೇಳಿರಲಿಲ್ವಾ? ನಮ್ಮ ತೆಂಗಿನ ಬುಡಕ್ಕೆ ಬಿದ್ದಿರೋದೂ ಅದೇ ಗೋಡು."

"ಮಗು ಮುಳುಗಿದ್ರೆ?"

"ಊರ ಮಕ್ಕಳಿಗೆಲ್ಲ ಗೊತ್ತು ಬಿಡೋ."

"ನೆಂಟರ ಮಕ್ಕಳಿಗೆ?"

ಅವ್ವ ಬಳ್ಳಿಯ ಒಣಗಿದ ಎಲೆ ಕೀಳತೊಡಗಿದಳು. ಕಿರುಚಬೇಕೆನಿಸಿತು, ಆದರೆ ಅದಕ್ಕೂ ನನ್ನಲ್ಲಿ ಕಸುವು ಉಳಿದಿರಲಿಲ್ಲ.

"ಯಾರಾದ್ರೂ ಕೇಳಿದ್ರೆ ಪರಮೇಶನೇ ತೋಡಿದ್ದು ಅಂತ ಹೇಳು. ಊರೋರಿಗೂ ಹಂಗೇ ಹೇಳಿ ಅಂತೀನಿ," ಎಂದು ಒಂದು ಗಳಕ್ಕೆ ಕೈ ಹಾಕಿದೆ. ಚಪ್ಪರ ವಾಲಿತು.

"ತಾಳೋ, ಹೂ ಬಿಟ್ಟೈತೆ," ಎಂದಳು ಅವ್ವ. ನನ್ನ ಕೈ ಸರಿಸಿ, ಬಳ್ಳಿಯನ್ನು ಗಳಕ್ಕೆ ಕಟ್ಟಿದ್ದ ದಾರಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕಾದೆ.